ಬಿಳಿ ಬಾಲ್ ಬಚ್ಚಿಡೋದೂ ಆಟವೇ

ಮೈಸೂರಿನ ಪಾರ್ಲರ್‌ಗಳಲ್ಲಿ ಪೂಲ್ ಆಡುವಾಗ ಯಾರಾದರೂ ವೈಟನ್ನು (ಕ್ಯೂ ಕೋಲಿನಿಂದ ಹೊಡೆಯುವ ಬಿಳಿ ಬಾಲನ್ನು) ಬೇಕಂತಲೇ ಇನ್ನೊಂದು ಬಾಲಿನ ಹಿಂದೆ ಬಚ್ಚಿಟ್ಟರೆ, 'ಏನ್ ಗುರು, ಆಡಕ್ಕೆ ಬಂದಿದ್ದೀಯೋ, ಕಾವಲು ಕಾಯಕ್ಕೆ ಬಂದಿದ್ದೀಯೋ' ಅನ್ನೋ ಮಾತು ಬಂದೇ ಬರುತ್ತೆ. ಅದೇ ಹುಡುಗರು ಪಕ್ಕದ ಸ್ನೂಕರ್ ಟೇಬಲ್‌ನಲ್ಲಿ ಯಾರಾದರೂ ಹಳದಿಯ ಹಿಂದೆ ವೈಟ್ ಅಂಟಿಸಿದರೆ 'ಶಾಟ್' ಅಂತ ಮೆಚ್ಚುತ್ತಾರೆ. ನಾನೀಗಿರುವ ಅಮೆರಿಕದಲ್ಲೂ ಸೇಫ್ಟಿಗೆ, ಅಂದ್ರೆ ಎದುರಾಳಿಗೆ ಸುಲಭದ ಹೊಡೆತ ಸಿಗದಂತೆ ಆಡೋದಕ್ಕೆ, 'ಡರ್ಟಿ ಪೂಲ್' ಅಂತ ಮೂಗು ಮುರಿಯೋರು ಬಾರ್‌ಗಳಲ್ಲಿ ಇದ್ದಾರೆ. ಲೀಗ್ ಪಂದ್ಯದಲ್ಲಿ ಮಾತ್ರ ಆ ಮಾತು ನಡೆಯಲ್ಲ. ಇದಕ್ಕೆ ಕಾರಣ ಜನರ ಗುಣ ಅಂತ ನನಗನ್ನಿಸಲ್ಲ. ಕಾರಣ ಎರಡು: ಟೇಬಲ್‌ನ ಬಾಡಿಗೆ, ಮತ್ತೆ ಆಟದ ನಿಯಮ.

ನಮ್ಮ ಮೈಸೂರಲ್ಲಿ ಟೇಬಲ್‌ಗೆ ಗಂಟೆ ಲೆಕ್ಕ, ಸೋತವನು ದುಡ್ಡು ಕೊಡಬೇಕು. ನಾಲ್ಕು ಸೇಫ್ಟಿ ಬಿದ್ದರೆ ಯಾರದೋ ಜೇಬಿಗೆ ಕತ್ತರಿ. ಇಲ್ಲಿನ ಬಾರ್‌ಗಳ 7 ಅಡಿ ಟೇಬಲ್‌ಗಳು ಹೆಚ್ಚಾಗಿ ನಾಣ್ಯ ಹಾಕಿ ಆಡುವಂಥವು. ಆಟಕ್ಕೆ ಇಷ್ಟು ಅಂತ, ಎಷ್ಟು ಎಳೆದರೂ ಅಷ್ಟೇ.

ನಿಯಮದ್ದು ಇನ್ನೂ ಮುಖ್ಯ. ಫೌಲ್ ಆದರೆ ಎದುರಾಳಿಗೆ ಎರಡು ಶಾಟ್ ಅಂತ ಕೆಲವು ಕಡೆ, ವೈಟನ್ನು ಟೇಬಲ್ಲಿನ ಒಂದು ತುದಿಯ ಗೆರೆಯ ಹಿಂದಿಂದ ಆಡು ಅಂತ ಇನ್ನು ಕೆಲವು ಕಡೆ. ಗೆರೆಯ ನಿಯಮದಲ್ಲಿ ಸೇಫ್ಟಿಗೆ ಬೆಲೆಯೇ ಇಲ್ಲ. ಎದುರಾಳಿಯ ಬಾಲ್ ಆ ಗೆರೆಯ ಹಿಂದೆಯೇ ಕೂತಿದ್ದರೆ ಅದಕ್ಕೆ ನೇರವಾಗಿ ಹೊಡೆಯೋ ಹಾಗಿಲ್ಲ, ಫೌಲ್ ಮಾಡಿದವನಿಗೇ ಲಾಭ! ಅಂತರರಾಷ್ಟ್ರೀಯ ನಿಯಮದಲ್ಲಿ ಫೌಲ್ ಆದರೆ ವೈಟನ್ನು ಟೇಬಲ್ ಮೇಲೆ ಎಲ್ಲಿ ಬೇಕಾದರೂ ಇಡಬಹುದು. ಜೊತೆಗೆ, ವೈಟ್ ಸರಿಯಾದ ಬಾಲಿಗೆ ತಾಗಿದ ಮೇಲೆ ಯಾವುದಾದರೂ ಒಂದು ಬಾಲ್ ಕುಶನ್ (ಟೇಬಲ್ ಅಂಚಿನ ರಬ್ಬರ್ ಪಟ್ಟಿ) ಮುಟ್ಟಬೇಕು, ಇಲ್ಲವೇ ಪಾಕೆಟ್‌ಗೆ ಬೀಳಬೇಕು. ಸುಮ್ಮನೆ ತಾಗಿಸಿ ಕೂರುವ ಆಟಕ್ಕೆ ಕಡಿವಾಣ ಇದೇ. ಮಂಡ್ಯದ ಕಡೆ ಕಬಡ್ಡಿ ನೋಡೋರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರೊ ಕಬಡ್ಡಿಯಲ್ಲಿ ಎರಡು ರೈಡ್ ಖಾಲಿ ಹೋದರೆ ಮೂರನೇದರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲ ಅಂದ್ರೆ ಔಟ್. ಹಾಗಂತ ರೈಡರನ್ನು ಹಿಡಿದು ತಡೆಯೋನನ್ನು ಯಾರೂ ಹೇಡಿ ಅನ್ನಲ್ಲ.

ಹೊಸಬರು ಸೇಫ್ಟಿ ಕೆಡಿಸಿಕೊಳ್ಳೋದು ವೈಟನ್ನೂ ಹೊಡೆದ ಬಾಲನ್ನೂ ಒಟ್ಟಿಗೆ ಹಿಡಿತದಲ್ಲಿ ಇಟ್ಟುಕೊಳ್ಳೋಕೆ ಹೋಗಿ. ಒಂದನ್ನು ಆರಿಸಿಕೊಳ್ಳಿ. ನೈನ್ ಬಾಲ್‌ನಲ್ಲಿ (ಟೇಬಲ್ ಮೇಲಿರುವ ಚಿಕ್ಕ ಸಂಖ್ಯೆಯ ಬಾಲಿಗೇ ಮೊದಲು ತಾಗಿಸಬೇಕಾದ ಆಟ) 2 ಆಡಬೇಕು, ಪಾಟ್, ಅಂದ್ರೆ ಬಾಲನ್ನು ಪಾಕೆಟ್ಟಿಗೆ ಬೀಳಿಸೋ ದಾರಿ, ಇಲ್ಲ, ವೈಟ್ ಹೋಗುವ ದಾರಿಗೆ ಅಂಟಿದಂತೆ 2ರ ಪಕ್ಕದಲ್ಲೇ 7 ಇದೆ ಅನ್ನಿ. 2ಕ್ಕೆ ನೇರ, ದಪ್ಪಗೆ (ಅಂಚಿಗಲ್ಲ, ನಡುವಿಗೇ ತಾಗುವಂತೆ), ವೈಟಿನ ನಡುವಿಗಿಂತ ಕೂದಲೆಳೆ ಕೆಳಗೆ ಹೊಡೆದರೆ ವೈಟ್ ಅಲ್ಲೇ 7ರ ಮಗ್ಗುಲಲ್ಲಿ ನಿಲ್ಲುತ್ತೆ, 2 ಆಚೆ ತುದಿಗೆ ಓಡುತ್ತೆ. ಆದರೆ 2 ನಿಲ್ಲುವ ಜಾಗ 7ರ ಮರೆಗೆ ಬರಬೇಕು; ಹೊಡೆಯೋ ಮೊದಲು ನೋಡಬೇಕಾದ್ದು ಅದನ್ನೇ. ಮರೆಯ ಬಾಲ್ ವೈಟಿಗೆ ಹತ್ತಿರ ಇದ್ದಷ್ಟೂ ನೆರಳು ದೊಡ್ಡದು. ಪೂಲ್ ಬಾಲಿನ ಅಗಲ ಎರಡೂಕಾಲು ಇಂಚು. ವೈಟ್ ಮತ್ತು ಮರೆಯ ಬಾಲ್ ಎರಡರ ನಡುಬಿಂದುಗಳ ಅಂತರ ನಾಲ್ಕೂವರೆ ಇಂಚಿದ್ದರೆ 60 ಡಿಗ್ರಿಯಷ್ಟು ದಾರಿ ಮುಚ್ಚುತ್ತೆ, 9 ಇಂಚಾದರೆ ಸುಮಾರು 29, ಒಂದೂವರೆ ಅಡಿ ಆದರೆ ಬರೀ 14. ಮರೆ ಸಿಗದೇ ಹೋದರೂ ವೈಟನ್ನು ಕುಶನ್‌ಗೆ ಅಂಟಿಸಿ ಬಿಟ್ಟರೆ ಅರ್ಧ ಕೆಲಸ ಆದಂತೆ. ಎದುರಾಳಿ ಕ್ಯೂ ಎತ್ತಿ ಹೊಡೆಯಬೇಕು.

ತುಂಬಾ ನಾಜೂಕಾಗಿ ಹೊಡೆಯೋದೂ ಒಂದು ಕಾಯಿಲೆ. ಬಾಲ್ ಕುಶನ್‌ಗೆ ಅರ್ಧ ಇಂಚು ಮುಂಚೆ ನಿಂತರೆ ಫೌಲ್, ಎದುರಾಳಿಯ ಕೈಗೆ ವೈಟ್. ಮೊದಲೇ ಕುಶನ್‌ಗೆ ಅಂಟಿರುವ ಬಾಲನ್ನು ಅದೇ ಕುಶನ್‌ಗೆ ಒತ್ತಿದರೆ ಲೆಕ್ಕಕ್ಕಿಲ್ಲ; ಅದು ಬಿಟ್ಟು ಬಂದು ಮತ್ತೆ ತಾಗಬೇಕು, ಅಥವಾ ವೈಟೋ ಬೇರೆ ಬಾಲೋ ಕುಶನ್ ಮುಟ್ಟಬೇಕು. ಆದರೆ 'ಅಂಟಿದೆ' ಅಂತ ಹೊಡೆಯೋ ಮೊದಲೇ ನೋಡಿ ಹೇಳಿರಬೇಕು. ಆಮೇಲೆ ಕೂಗಾಡಿದರೆ ಉಪಯೋಗವಿಲ್ಲ.

ಸ್ನೂಕರ್‌ನಿಂದ ಬಂದವರು ಎಡವೋದು ಟಚಿಂಗ್ ಬಾಲ್‌ನಲ್ಲಿ. ಸ್ನೂಕರ್‌ನಲ್ಲಿ ವೈಟಿಗೆ ತಾಗಿಕೊಂಡಿರೋ ಬಾಲನ್ನು ಕದಲಿಸದೆ ಆಚೆ ಆಡಬೇಕು. ಪೂಲ್‌ನಲ್ಲಿ ಅದು ನೀವು ಆಡಬೇಕಾದ ಬಾಲೇ ಆಗಿದ್ದರೆ ಅದರತ್ತಲೇ ಹೊಡೆಯಬಹುದು, ತಾಗಿಸಿದ ಹಾಗೇ ಲೆಕ್ಕ. ಚಾಕ್ ಚೂರಿನಷ್ಟು ಸಂದಿ ಇದ್ದು ಕ್ಯೂ ಎರಡು ಸಲ ತಾಗಿದರೆ ಮಾತ್ರ ಫೌಲ್.

ಸೇಫ್ಟಿ ಅಂತ ಬಾಯಲ್ಲಿ ಹೇಳಬೇಕೋ ಬೇಡವೋ? ಎಯ್ಟ್ ಬಾಲ್‌ನ (ತನ್ನ ಗುಂಪಿನ ಬಾಲುಗಳನ್ನು ಮುಗಿಸಿ ಕೊನೆಗೆ 8 ಹಾಕುವ ಆಟ) ಅಂತರರಾಷ್ಟ್ರೀಯ ನಿಯಮದಲ್ಲಿ, ಮೊದಲೇ ಹೇಳಿದರೆ ನಿಮ್ಮ ಬಾಲ್ ಬಿದ್ದರೂ ಸರದಿ ಎದುರಾಳಿಗೆ ಹೋಗುತ್ತೆ. ನೈನ್ ಬಾಲ್‌ನಲ್ಲಿ ಹೇಳಿದರೂ ಅರ್ಥವಿಲ್ಲ. ಬಿದ್ದರೆ ನೀವೇ ಮುಂದುವರಿಯಬೇಕು. ನೈನ್ ಬಾಲ್‌ನಲ್ಲಿ ಸತತ ಮೂರು ಫೌಲ್ ಆದರೆ ಆ ರ್‍ಯಾಕ್ (ಆ ಒಂದು ಸುತ್ತಿನ ಆಟ) ಸೋತ ಹಾಗೆ, ಆದರೆ ಎರಡನೇದಾದ ಮೇಲೆ ಎಚ್ಚರಿಸಿರಬೇಕು. ಎಯ್ಟ್ ಬಾಲ್‌ಗೆ ಇದಿಲ್ಲ.

ಅಮೆರಿಕದ ಪದ್ಧತಿಯೆಲ್ಲ ಅಪ್ಪಟ ಬಂಗಾರ ಅಂತಲ್ಲ. ಇಲ್ಲಿನ ದೊಡ್ಡ ಹವ್ಯಾಸಿ ಲೀಗ್ ಎಪಿಎಯಲ್ಲಿ ಎಯ್ಟ್ ಬಾಲ್ ಆಟಗಾರರಿಗೆ 2ರಿಂದ 7ರವರೆಗೆ ದರ್ಜೆ ಕೊಡ್ತಾರೆ. ಅದನ್ನು ಲೆಕ್ಕ ಹಾಕುವಾಗ ಗೆಲ್ಲೋಕೆ ಎಷ್ಟು ಇನ್ನಿಂಗ್ಸ್ (ಸರದಿ) ಬೇಕಾಯ್ತು ಅಂತ ನೋಡಿ, ಅದರಲ್ಲಿ ಸೇಫ್ಟಿಗಳನ್ನು ಕಳೆಯುತ್ತಾರೆ. ಪಾಟ್ ಮಾಡೋ ಉದ್ದೇಶವಿತ್ತೇ ಇಲ್ಲವೇ ಅನ್ನೋದನ್ನು ಸ್ಕೋರ್ ಬರೆಯೋನು ಊಹಿಸಬೇಕು. ಸೇಫ್ಟಿ ಆಡಿ 'ಪಾಟ್ ತಪ್ಪಿತು' ಅಂತ ನಟಿಸಿದರೆ ಇನ್ನಿಂಗ್ಸ್ ಹೆಚ್ಚಾಗಿ ಕಾಣುತ್ತೆ, ದರ್ಜೆ ಇಳಿಯುತ್ತೆ, ಕಡಿಮೆ ದರ್ಜೆಯವರಿಗೆ ಸಿಗೋ ರಿಯಾಯಿತಿಯಿಂದ ಮುಂದಿನ ಪಂದ್ಯ ಸಲೀಸು. ಈ ಉಸಾಬರಿ ಮೈಸೂರಿಗೆ ಬೇಡ.

ಬೇಕಾದ್ದು, ಟೂರ್ನಮೆಂಟಿನಲ್ಲಿ ಯಾರಿಗೆ ಯಾರು ಎದುರು ಅಂತ ಬರೆದ ಡ್ರಾ ಚೀಟಿಯ ಪಕ್ಕದಲ್ಲಿ ಅಂಟಿಸಿದ ಒಂದು ಹಾಳೆ: ಫೌಲ್ ಆದರೆ ವೈಟ್ ಎಲ್ಲಿ, ಕುಶನ್ ನಿಯಮ ಇದೆಯೇ, ಮೂರು ಫೌಲ್ ಲೆಕ್ಕವೇ, ಸೇಫ್ಟಿ ಹೇಳಬೇಕೇ. ಟೂರ್ನಮೆಂಟ್ ದಿನ ಟೇಬಲ್‌ಗೆ ಗಂಟೆ ಲೆಕ್ಕ ಬಿಟ್ಟು ಪ್ರವೇಶ ಶುಲ್ಕದಲ್ಲೇ ಬಾಡಿಗೆ ಸೇರಿಸಲಿ. ರೆಫರಿ ಇಲ್ಲದ ಕಡೆ, ವೈಟ್ ಎರಡು ಬಾಲಿಗೆ ಒಟ್ಟಿಗೆ ತಾಗುವಂಥ ಶಾಟ್ ಬಂದರೆ, ಯಾವುದಕ್ಕೆ ಮೊದಲು ತಾಗಿತು ಅಂತ ನೋಡೋಕೆ ಹೊಡೆಯೋ ಮೊದಲೇ ಪಕ್ಕದ ಟೇಬಲ್‌ನಿಂದ ಒಬ್ಬರನ್ನು ಕರೆದು ನಿಲ್ಲಿಸಿಕೊಳ್ಳಿ.