ಸುತ್ತೋಲೆ ಬಂದಿದೆ ಸಾರ್

ಹೋದ ತಿಂಗಳು ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ಯಾವ ಊರು, ಯಾವ ಕಚೇರಿ ಅಂತ ಬೇಡ ಬಿಡಿ. ಅಮ್ಮನ ಹೆಸರಲ್ಲಿ ದೀರ್ಘ ಇರಬೇಕಾದ ಕಡೆ ಹ್ರಸ್ವ ಬಿದ್ದಿತ್ತು. ಅದನ್ನು ಸರಿ ಮಾಡಿಸಬೇಕಿತ್ತು, ಅಷ್ಟೇ. ಕೌಂಟರಿನಲ್ಲಿದ್ದವರು ತಲೆ ಎತ್ತದೆ, "ಅಫಿಡವಿಟ್ ಬೇಕು, ನೋಟರಿ ಮಾಡಿಸ್ಕೊಂಡು ಬನ್ನಿ" ಅಂದರು. ಯಾಕೆ ಅಂತ ಕೇಳಿದೆ.

"ಸುತ್ತೋಲೆ ಬಂದಿದೆ ಸಾರ್."

ಈ ಮಾತಿಗೆ ನಮ್ಮಲ್ಲಿ ಎದುರು ಮಾತೇ ಇಲ್ಲ. ಸಂವಿಧಾನ ಅಂದರೆ ಹಾರ ಹಾಕುತ್ತೇವೆ, ಪೀಠಿಕೆ ಓದುತ್ತೇವೆ. ಸುತ್ತೋಲೆ ಅಂದರೆ ಬಾಯಿ ಮುಚ್ಚಿಕೊಂಡು ಜೆರಾಕ್ಸ್ ಅಂಗಡಿ ಹುಡುಕುತ್ತೇವೆ. ಕಾನೂನಿನ ಏಣಿಯಲ್ಲಿ ತೀರಾ ಕೆಳಗಿರುವ ಮೆಟ್ಟಿಲಿಗೇ ನಾವು ಎಲ್ಲಕ್ಕಿಂತ ಜಾಸ್ತಿ ಹೆದರುವುದು.

ಏಣಿ ಕಷ್ಟದ್ದೇನಲ್ಲ. ಎಲ್ಲಕ್ಕಿಂತ ಮೇಲೆ ಸಂವಿಧಾನ. ಅದರ ಕೆಳಗೆ ಸಂಸತ್ತು, ವಿಧಾನಮಂಡಲ ಮಾಡುವ ಅಧಿನಿಯಮ, ಅಂದರೆ ಕಾಯ್ದೆ. ಅಧಿನಿಯಮ ಕೊಟ್ಟ ಅಧಿಕಾರದಿಂದ ಸರ್ಕಾರ ಮಾಡುವುದು ನಿಯಮ. ಆಮೇಲೆ ಅಧಿಸೂಚನೆ, ಆದೇಶ, ಬೈಲಾ. ಕೊನೆಗೆ, ಇಲಾಖೆ ತನ್ನ ನೌಕರರಿಗೆ "ಹೀಗೆ ಮಾಡಿ" ಅಂತ ಬರೆಯುವ ಸುತ್ತೋಲೆ. ಪ್ರತಿ ಮೆಟ್ಟಿಲೂ ತನ್ನ ಮೇಲಿನದರಿಂದ ಬಲ ಪಡೆಯಬೇಕು. ಮೇಲಿನದು ಕೊಡದ್ದನ್ನು ಕೆಳಗಿನದು ತಾನಾಗಿ ಹುಟ್ಟಿಸುವಂತಿಲ್ಲ.

ಅಧಿನಿಯಮಕ್ಕೂ ನಿಯಮಕ್ಕೂ ಕನ್ನಡದಲ್ಲಿ ಎರಡೇ ಅಕ್ಷರದ ವ್ಯತ್ಯಾಸ. ಆದರೆ ಅಧಿನಿಯಮಕ್ಕೆ ಸದನದಲ್ಲಿ ಗಲಾಟೆ, ಟಿವಿ ಚರ್ಚೆ, ಧರಣಿ ಎಲ್ಲ ಆಗುತ್ತದೆ. ನಿಯಮ ಯಾವತ್ತು ಬಂತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಯಾವುದಾದರೂ ಕಾಯ್ದೆಯ ಕನ್ನಡ ಪಠ್ಯ ತೆರೆದು ನೋಡಿ, "ನಿಯಮಿಸಬಹುದಾದಂಥ" ಅನ್ನುವ ಪದ ಪುಟಪುಟದಲ್ಲೂ ಸಿಗುತ್ತದೆ. ನಿಯಮಿಸಬಹುದಾದಂಥ ಶುಲ್ಕ, ನಿಯಮಿಸಬಹುದಾದಂಥ ನಮೂನೆ. ಅಂದರೆ, ವಿವರ ಆಮೇಲೆ ನೋಡಿಕೊಳ್ಳೋಣ, ಸದ್ಯಕ್ಕೆ ಕೈ ಎತ್ತಿ ಅಂತ. ಆ ನಿಯಮಗಳನ್ನು ಮತ್ತೆ ಸದನದ ಮುಂದೆ ಇಡಬೇಕು ಅಂತಲೂ ಸಾಮಾನ್ಯವಾಗಿ ಅದೇ ಕಾಯ್ದೆಯಲ್ಲಿ ಬರೆದಿರುತ್ತದೆ. ಇಡುತ್ತಾರೆ. ಓದುತ್ತಾರಾ? ನನಗೆ ನಂಬಿಕೆ ಇಲ್ಲ.

ಈ ಏಣಿಯನ್ನು ಒಮ್ಮೆ ಕೆಳಗಿನಿಂದ ಮೇಲಿನವರೆಗೆ ಹತ್ತಿ ಇಳಿದವರು ಅಂದರೆ ನಮ್ಮ ಕರಾವಳಿಯ ಕಂಬಳದವರು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಸಂಸತ್ತಿನದು. ಅದರಡಿ 2011ರಲ್ಲಿ ಕೇಂದ್ರ ಒಂದು ಅಧಿಸೂಚನೆ ಹೊರಡಿಸಿ, ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನೂ ಸೇರಿಸಿತು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ನಿಲ್ಲಿಸಿತು. 2016ರ ಜನವರಿಯಲ್ಲಿ ಕೇಂದ್ರ ಇನ್ನೊಂದು ಅಧಿಸೂಚನೆಯಿಂದ ಜಲ್ಲಿಕಟ್ಟಿಗೆ, ಗಾಡಿ ಓಟಕ್ಕೆ ವಿನಾಯಿತಿ ಕೊಡಲು ಹೋಯಿತು. ಒಂದು ವಾರದೊಳಗೆ ಕೋರ್ಟ್ ತಡೆ ಕೊಟ್ಟಿತು. ಕಾಯ್ದೆಗೆ ಕೋರ್ಟ್ ಹೇಳಿದ ಅರ್ಥವನ್ನು ಒಂದು ಅಧಿಸೂಚನೆಯಿಂದ ದಾಟಲು ಆಗುತ್ತದಾ? ಅದೇ ವರ್ಷದ ಕೊನೆಗೆ ಹೈಕೋರ್ಟ್ ಕಂಬಳಕ್ಕೂ ತಡೆ ಕೊಟ್ಟಿತು. ಕಂಬಳದಲ್ಲಿ ಓಡುವುದು ಕೋಣ, ಹೋರಿ ಅಲ್ಲ ಅಂತ ಊರಲ್ಲಿ ಎಲ್ಲರೂ ವಾದ ಮಾಡಿದ್ದೇ ಮಾಡಿದ್ದು.

ಹಾಗಾದರೆ ದಾರಿ ಯಾವುದು? ಕಾಯ್ದೆಯನ್ನೇ ತಿದ್ದುವುದು. ಆದರೆ ಅದು ಕೇಂದ್ರದ ಕಾಯ್ದೆ. ಪುಣ್ಯಕ್ಕೆ ಪ್ರಾಣಿಹಿಂಸೆ ತಡೆ ಸಮವರ್ತಿ ಪಟ್ಟಿಯಲ್ಲಿದೆ, ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದು. ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದರೆ ಗೆಲ್ಲುವುದು ಕೇಂದ್ರದ್ದೇ. ಇದಕ್ಕೆ ಸಂವಿಧಾನದ 254ನೇ ವಿಧಿಯಲ್ಲಿ ಒಂದು ಕಿಂಡಿ ಇದೆ: ರಾಷ್ಟ್ರಪತಿ ಅಂಕಿತ ಹಾಕಿದರೆ ಆ ರಾಜ್ಯದ ಮಟ್ಟಿಗೆ ರಾಜ್ಯದ ಕಾನೂನೇ ನಿಲ್ಲುತ್ತದೆ. ಕರ್ನಾಟಕ ಆ ಕಿಂಡಿಯಲ್ಲೇ ನುಸುಳಿತು. 2017ರಲ್ಲಿ ಸುಗ್ರೀವಾಜ್ಞೆ, 2018ರಲ್ಲಿ ತಿದ್ದುಪಡಿ ಕಾಯ್ದೆ. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿ ಹಿಡಿಯಿತು.

ಕಂಬಳ ಸರಿಯೋ ತಪ್ಪೋ ಅನ್ನುವ ಜಗಳವನ್ನು ಇಲ್ಲಿ ಶುರು ಮಾಡಬೇಡಿ, ದಮ್ಮಯ್ಯ. ನಾನು ಹೇಳುತ್ತಿರುವುದು ಏಣಿಯ ವಿಷಯ.

ಅಂದ ಹಾಗೆ, ಸುಗ್ರೀವಾಜ್ಞೆ ಅನ್ನುವ ಪದ ನನಗೆ ಬಹಳ ಇಷ್ಟ. ಸೀತೆಯನ್ನು ಹುಡುಕಲು ಹೊರಟ ಕಪಿಗಳಿಗೆ ಸುಗ್ರೀವ ಕೊಟ್ಟ ಆಜ್ಞೆಗೆ ಒಂದು ತಿಂಗಳ ಗಡುವು ಇತ್ತು. ನಮ್ಮ ಸುಗ್ರೀವಾಜ್ಞೆಗೂ ಗಡುವು ಇದೆ. ಸದನ ಮತ್ತೆ ಸೇರಿ ಆರು ವಾರದೊಳಗೆ ಒಪ್ಪದಿದ್ದರೆ ಅದು ಬಿದ್ದುಹೋಗುತ್ತದೆ. ಈ ಹೆಸರಿಟ್ಟ ಪುಣ್ಯಾತ್ಮರು ಯಾರೋ, ತಲೆ ಇತ್ತು ಅವರಿಗೆ.

ಸುತ್ತೋಲೆಗೆ ಬರೋಣ. 2017ರಲ್ಲಿ ಮೊಬೈಲಿಗೆ ದಿನಾ ಮೆಸೇಜ್ ಬರುತ್ತಿತ್ತಲ್ಲ, ಆಧಾರ್ ಲಿಂಕ್ ಮಾಡಿ ಅಂತ? ಅದರ ಹಿಂದೆ ಇದ್ದದ್ದು ಆ ವರ್ಷದ ಮಾರ್ಚ್‌ನಲ್ಲಿ ದೂರಸಂಪರ್ಕ ಇಲಾಖೆ ಹೊರಡಿಸಿದ ಒಂದು ಸುತ್ತೋಲೆ. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್, ಇದರ ಹಿಂದೆ ಯಾವ ಕಾನೂನೂ ಇಲ್ಲ ಅಂತ ಅದನ್ನು ಹೊಡೆದುಹಾಕಿತು. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಲೇಬೇಕು ಅಂತ ತಂದಿದ್ದ ನಿಯಮವೂ ಅದೇ ತೀರ್ಪಿನಲ್ಲಿ ಹೋಯಿತು. ಸಂತೋಷ. ಆದರೆ ಅಷ್ಟರಲ್ಲಿ ನಮ್ಮ ಬೀದಿಯವರೆಲ್ಲ ಬೆರಳು ಒತ್ತಿ ಬಂದಾಗಿತ್ತು. ನಾನೂ ಒತ್ತಿದ್ದೆ.

ಏಣಿಯ ತುದಿಯಲ್ಲಿರುವವರಿಗೂ ಮಿತಿ ಇದೆ. ಸಂವಿಧಾನವನ್ನು ತಿದ್ದುವ ಸಂಸತ್ತು ಕೂಡ ಅದರ ಮೂಲ ರಚನೆಯನ್ನು ಮುಟ್ಟುವಂತಿಲ್ಲ ಅಂತ 1973ರಲ್ಲಿ 13 ನ್ಯಾಯಮೂರ್ತಿಗಳ ಪೀಠ ಹೇಳಿತು. ಏಳು ಜನ ಹೌದು, ಆರು ಜನ ಅಲ್ಲ. ಆ ಕೇಸು ಹಾಕಿದ್ದವರು ಕಾಸರಗೋಡು ಹತ್ತಿರದ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. ದೇಶದ ಲಾ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡುವ ಹೆಸರು ಅದು. ನಮ್ಮಲ್ಲಿ ಎಷ್ಟು ಜನರಿಗೆ ಅದು ಕನ್ನಡದ ಮಠ ಅಂತ ಗೊತ್ತು?

ಸಂಸತ್ತಿಗೇ ಮಿತಿ ಇರುವಾಗ ಸುತ್ತೋಲೆಗೆ ಇಲ್ಲವಾ? ನನ್ನ ತಕರಾರು ಸುತ್ತೋಲೆ ಇರಬಾರದು ಅಂತಲ್ಲ. ಅದಿಲ್ಲದೆ ಒಂದೊಂದು ತಾಲ್ಲೂಕಿನಲ್ಲಿ ಒಂದೊಂದು ರೀತಿ ಆಗುತ್ತದೆ. ಆದರೆ ಪ್ರತಿ ಸುತ್ತೋಲೆಯ ತಲೆಯ ಮೇಲೆ ಯಾವ ಕಾಯ್ದೆ, ಯಾವ ಸೆಕ್ಷನ್, ಯಾವ ನಿಯಮದ ಬಲದಿಂದ ಇದು ಬಂದಿದೆ ಅಂತ ಕನ್ನಡದಲ್ಲಿ ಬರೆದಿರಬೇಕು, ಕೌಂಟರಿನ ಪಕ್ಕದ ಗೋಡೆಯಲ್ಲಿ ಅಂಟಿಸಿರಬೇಕು. ನೌಕರರು ಯಾವ ನಿಯಮ, ಸೂಚನೆ ನೋಡಿ ಕೆಲಸ ಮಾಡುತ್ತಾರೋ ಅದನ್ನು ಕೇಳುವ ಮೊದಲೇ ಪ್ರಕಟಿಸಬೇಕು ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಅದು ಅಧಿನಿಯಮ ಕಣ್ರೀ, ಸುತ್ತೋಲೆ ಅಲ್ಲ. ಬಹುಶಃ ಅದಕ್ಕೇ ಯಾರೂ ಹೆದರುವುದಿಲ್ಲ.

ಅವತ್ತು ಕೌಂಟರಿನಲ್ಲಿ ನಾನೂ ಸ್ವಲ್ಪ ಹಟ ಮಾಡಿದೆ. ಸುತ್ತೋಲೆಯ ನಂಬರ್, ದಿನಾಂಕ ಹೇಳಿ ಅಂದೆ. ಅವರು ಕೆಟ್ಟವರೇನಲ್ಲ. "ನಾಳೆ ಆಡಿಟ್‌ನಲ್ಲಿ ಕೇಳಿದ್ರೆ ನಾನೇನು ಹೇಳ್ಲಿ ಸಾರ್" ಅಂತ ಗೊಣಗುತ್ತಾ ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದರು. ಸೊಟ್ಟಗೆ ತೆಗೆದದ್ದು, ಮೇಲಿನ ಮೂಲೆ ಕಟ್ ಆಗಿ ದಿನಾಂಕವೇ ಇಲ್ಲ. ದೊಡ್ಡದು ಮಾಡಿ ಓದಿದೆ. "ಸಂದೇಹವಿದ್ದಲ್ಲಿ ಪ್ರಮಾಣಪತ್ರ ಪಡೆಯಬಹುದು" ಅಂತಿತ್ತು. ಪ್ರಮಾಣಪತ್ರ ಅಂದರೆ ಅದೇ ಅಫಿಡವಿಟ್. ಆ "ಬಹುದು" ಕೌಂಟರಿಗೆ ಬರುವಷ್ಟರಲ್ಲಿ "ಲೇಬೇಕು" ಆಗಿತ್ತು. ಅವರೂ ಎರಡು ಸಲ ಓದಿಕೊಂಡರು, ಆಮೇಲೆ ಅರ್ಜಿ ತೆಗೆದುಕೊಂಡರು.

ಆ ಫೋಟೊ ನನಗೂ ಕಳಿಸಿ ಅಂತ ಕೇಳಿದೆ. ಕಳಿಸಿದರು. ಮೇಲ್ಗಡೆ ಎರಡು ಬಾಣದ ಗುರುತು, ಪಕ್ಕದಲ್ಲಿ 'ಫಾರ್ವರ್ಡೆಡ್ ಮೆನಿ ಟೈಮ್ಸ್' ಅಂತ ಇತ್ತು.