ಮಣ್ಣಿಗೆ ಜೈ, ಕಾಲು ಒರೆಸಿಕೊಂಡು ಬನ್ನಿ

ಡಿಸೆಂಬರ್ 5 ಬಂತು ಅಂದ್ರೆ ಬಳ್ಳಾರಿಯಲ್ಲಿ ಮಣ್ಣಿಗೆ ಎಲ್ಲಿಲ್ಲದ ಮರ್ಯಾದೆ. ವಿಶ್ವ ಮಣ್ಣು ದಿನ ಅಲ್ವಾ! ಯಾವುದೋ ಒಂದು ವಿಜ್ಞಾನ ಸಂಘ ಎಸಿ ಸಭಾಂಗಣ ಹಿಡಿಯುತ್ತದೆ, ಫ್ಲೆಕ್ಸ್ ಕಟ್ಟಿಸುತ್ತದೆ. ವೇದಿಕೆ ಮೇಲೆ ಗಾಜಿನ ಬಟ್ಟಲಲ್ಲಿ ಒಂದು ಹಿಡಿ ಎರೆ ಮಣ್ಣು, ಅಂದ್ರೆ ನಮ್ಮ ಕಪ್ಪು ಮಣ್ಣು, ಅದಕ್ಕೊಂದು ಹಾರ. ಉದ್ಘಾಟಕರು ಬೆರಳ ತುದಿಯಲ್ಲಿ ಮುಟ್ಟುತ್ತಾರೆ, ಫೋಟೊ ಆದ ಕೂಡಲೇ ಟಿಶ್ಯೂ ಕೇಳುತ್ತಾರೆ. ಕುರ್ಚಿ ತುಂಬಲಿ ಅಂತ ಕರೆಸಿದ ರೈತರಿಗೆ ಬಾಗಿಲಲ್ಲೇ ಸ್ವಾಗತ: "ಯಜಮಾನ್ರೇ, ಕಾಲು ಒರೆಸಿಕೊಂಡು ಬರ್ರಿ, ಕಾರ್ಪೆಟ್ ಮಣ್ಣಾಗ್ತದೆ."

ಈ ದಿನ ಬೇಕು ಅಂತ 2002ರಲ್ಲಿ ಕೇಳಿದ್ದು ಅಂತರರಾಷ್ಟ್ರೀಯ ಮಣ್ಣು ವಿಜ್ಞಾನ ಒಕ್ಕೂಟ. ವಿಶ್ವಸಂಸ್ಥೆ ಒಪ್ಪಿ, 2014ರಿಂದ ಅಧಿಕೃತವಾಯಿತು. ಅದು ಥಾಯ್ಲೆಂಡಿನ ಹಿಂದಿನ ದೊರೆ ಭೂಮಿಬೋಲರ ಹುಟ್ಟುಹಬ್ಬದ ದಿನ. ಮಣ್ಣಿಗಾಗಿ ಕೆಲಸ ಮಾಡಿದವರು, ಅವರ ಬಗ್ಗೆ ತಕರಾರಿಲ್ಲ. ತಕರಾರು ಇರೋದು ನಮ್ಮ ಮಳೆಯ ಕ್ಯಾಲೆಂಡರಿಗೆ. ಇಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಎರೆ ನೆನೆದು ಉಬ್ಬಿದರೆ ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ, ಆಮೇಲೆ ನೀರು ಇಂಗುವುದೇ ಕಷ್ಟ. ಇಂಗದ ನೀರು ಮೇಲ್ಮಣ್ಣನ್ನು ಎಬ್ಬಿಸಿಕೊಂಡು ಹಳ್ಳ ಹಿಡಿಯುತ್ತದೆ. ಹಳ್ಳದಿಂದ ಹಗರಿ ಹೊಳೆ, ಹಗರಿಯಿಂದ ತುಂಗಭದ್ರೆ, ಅಲ್ಲಿಂದ ನೆಟ್ಟಗೆ ಶ್ರೀಶೈಲದ ಡ್ಯಾಮು. ನಮ್ಮ ಜನ ಯುಗಾದಿಗೆ ಶ್ರೀಶೈಲದ ಮಲ್ಲಯ್ಯನ ಹತ್ರ ನಡೆದು ಹೋಗುತ್ತಾರೆ. ಮಣ್ಣು ಅವರಿಗಿಂತ ಮೊದಲೇ ಪಾದಯಾತ್ರೆ ಹೊರಟಿರುತ್ತದೆ. ಡಿಸೆಂಬರ್‌ನಲ್ಲಿ ಸಭೆ ಸೇರಿದಾಗ ಸನ್ಮಾನಿತರೇ ಗೈರುಹಾಜರು.

ಆದರೂ ಭಾಷಣ ನಿಲ್ಲುವುದಿಲ್ಲ. ಎರಡು ಮೂರು ಸೆಂಟಿಮೀಟರ್ ಮಣ್ಣಾಗಲು ಸಾವಿರ ವರ್ಷ ಬೇಕಾಗಬಹುದು ಅಂತ ಮೊದಲ ಭಾಷಣಕಾರರು ಹೇಳುತ್ತಾರೆ. ಸಾವಿರ ವರ್ಷ ಅಂದ್ರೆ ಎಷ್ಟು ಉದ್ದ ಅನ್ನೋದು ಅವರು ಮುಗಿಸುವಷ್ಟರಲ್ಲಿ ಎಲ್ಲರಿಗೂ ಅನುಭವಕ್ಕೆ ಬಂದಿರುತ್ತದೆ.

ತಮಾಷೆ ಅಂದ್ರೆ, ಏನು ಮಾಡಬೇಕು ಅನ್ನೋದು ಗೊತ್ತಿಲ್ಲದ ವಿಷಯ ಏನಲ್ಲ. ಭಾರತೀಯ ಮಣ್ಣು ವಿಜ್ಞಾನ ಸಂಘ ಹುಟ್ಟಿದ್ದು 1934ರಲ್ಲಿ. ಬಳ್ಳಾರಿಯಲ್ಲೇ 1954ರಿಂದ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ ಇದೆ. ಇಳಿಜಾರಿಗೆ ಅಡ್ಡ ಉಳು, ಮುಂಗಾರಿನಲ್ಲೇ ಚೌಕು ಮಡಿ ಮಾಡು, ಬಿದ್ದ ಮಳೆ ಬಿದ್ದಲ್ಲೇ ನಿಲ್ಲಲಿ, ಆಮೇಲೆ ಹಿಂಗಾರಿ ಜೋಳ ಬಿತ್ತು. ಇಷ್ಟೇ. ಸಣ್ಣ ಸಣ್ಣ ಬದು, ಒಂದು ಜೋಡಿ ಎತ್ತು ಸಾಕು. ಆದರೆ ಇದಕ್ಕೆ ಸ್ಲೈಡು ಅರವತ್ತು, ನಕಾಶೆ ಬಣ್ಣ ಬಣ್ಣದ್ದು, ಎಲ್ಲಾ ಇಂಗ್ಲಿಷಿನಲ್ಲಿ. ಹಿಂದಿನ ಸಾಲಿನ ರೈತರು ಊಟದ ಹಾಲ್ ಕಡೆ ನೋಡುತ್ತಾ ಕೂತಿರುತ್ತಾರೆ.

ಸಂಘದವರು ಒಮ್ಮೆ ತುಂಗಭದ್ರಾ ಡ್ಯಾಮು ಇರುವ ಮುನಿರಾಬಾದ್‌ಗೆ ಪಿಕ್ನಿಕ್ ಹೋಗಿ ಬರಬಹುದು. 1953ರ ಹೊತ್ತಿಗೆ ಆ ಡ್ಯಾಮಿನಲ್ಲಿ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಸುಮಾರು 105. ಉಳಿದ ಜಾಗದಲ್ಲಿ ಮೇಲಿನ ಸೀಮೆಯ ಮಣ್ಣು ಗಟ್ಟಿಯಾಗಿ ಕೂತಿದೆ. ಮಣ್ಣನ್ನು ಒಂದೇ ಕಡೆ ಇಷ್ಟು ಜೋಪಾನ ಮಾಡಿದ ಯೋಜನೆ ಈ ಭಾಗದಲ್ಲಿ ಮತ್ತೊಂದಿಲ್ಲ, ಆದರೂ ಡ್ಯಾಮಿಗೆ ಯಾರೂ ಶಾಲು ಹೊದಿಸಿಲ್ಲ! 2017ರ ಬೇಸಿಗೆಯಲ್ಲಿ ರೈತರೇ ಹೂಳು ಎತ್ತಲು ಇಳಿದರು. ಸರ್ಕಾರದ್ದು ಬೇರೆ ಲೆಕ್ಕ: ಹೂಳು ಅಲ್ಲೇ ಇರಲಿ ಪಾಪ, ನೀರಿಗೆ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟೋಣ.

ಕೊನೆಗೆ ಪ್ರಶ್ನೋತ್ತರ. ಒಬ್ಬ ರೈತ ಎದ್ದು ನಿಂತ. "ಸಾಹೇಬ್ರೇ, ನಮ್ಮ ಹೊಲದ ಬದು ಒಡದೈತಿ. ಯಾರನ್ನ ಕೇಳಬೇಕ್ರಿ?"

ಕಾರ್ಯದರ್ಶಿಗಳಿಗೆ ಖುಷಿಯಾಯಿತು. "ಬಹಳ ಒಳ್ಳೆ ವಿಷಯ. ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಕಳಿಸಿ, ಮುಂದಿನ ಡಿಸೆಂಬರ್‌ಗೆ ಪೋಸ್ಟರ್ ಹಾಕಿಸೋಣ. ಸದಸ್ಯರಾಗಿದ್ದೀರಾ? ಇಲ್ಲಾಂದ್ರೆ ಶುಲ್ಕ ಸ್ವಲ್ಪ ಜಾಸ್ತಿ ಆಗುತ್ತೆ."