ಆನೆಯ ಮೇಲೊಂದು ಅಂತ್ಯಾಕ್ಷರಿ

ಸಂಕ್ರಾಂತಿಗೆ ಮೂರು ದಿನ ಇರುವಾಗ ಅಮ್ಮ ಗುಬ್ಬಿ ಕಡೆಯಿಂದ ಒಂದು ಚೀಲ ಸೊಗಡಿನ ಅವರೆಕಾಯಿ ಹೊತ್ತುಕೊಂಡು ಬಂದಳು. ಕಾಯಿ ಸುಲಿದು, ರಾತ್ರಿ ಕಾಳು ನೆನೆಹಾಕಿ, ಮಾರನೇ ದಿನ ಮಧ್ಯಾಹ್ನ ಇಬ್ಬರೂ ಹಿತುಕೋಕೆ ಕೂತೆವು. ಹಿತಕಿದ ಬೇಳೆ ಸಾರು ಉಣ್ಣೋಕೆ ಹತ್ತು ನಿಮಿಷ, ಹಿತುಕೋಕೆ ಅರ್ಧ ದಿನ. ಕೈಗೆ ಕೆಲಸ ಇತ್ತು, ಕಣ್ಣಿಗೆ ಇರಲಿಲ್ಲ. ಅದಕ್ಕೇ ಟಿವಿಯಲ್ಲಿ 'ಮೂಲಾ ರೂಜ್' ಹಾಕಿದೆ.

ನಿಜ ಹೇಳಬೇಕಂದ್ರೆ ಈ ಸಿನಿಮಾ ನನಗೆ ಮೊದಲ ಸಲ ಸೇರಿರಲಿಲ್ಲ. 2001ರಲ್ಲಿ ಬಂದದ್ದು. ಹಾಸ್ಟೆಲ್‌ನಲ್ಲಿದ್ದಾಗ ಯಾರೋ ಸಿಡಿ ತಂದಿದ್ದರು. ಇಪ್ಪತ್ತು ನಿಮಿಷಕ್ಕೇ ತಲೆನೋವು ಬಂತು. ಒಂದು ಶಾಟ್ ಕಣ್ಣಲ್ಲಿ ಕೂರುವ ಮೊದಲೇ ಇನ್ನು ಮೂರು ಓಡಿಹೋಗಿರುತ್ತವೆ. ಲಂಗ ಹಾರಿಸಿ ಕುಣಿಯುವ ಹುಡುಗಿಯರು, ಟೋಪಿ ಹಾಕಿಕೊಂಡು ಕಿರುಚುವ ಗಂಡಸರು. ಜಾತ್ರೆಯಲ್ಲಿ ಕೈಬಿಟ್ಟುಹೋದ ಮಗುವಿನ ಹಾಗಾಗಿತ್ತು ನನಗೆ. ಸಾಲದ್ದಕ್ಕೆ ಕಥೆ ನಡೆಯೋದು 1899ರ ಪ್ಯಾರಿಸ್‌ನಲ್ಲಿ, ಅವರು ಹಾಡೋದು ಮಡೋನಾ, ನಿರ್ವಾಣ, ಕ್ವೀನ್ ಇವರ ನಮ್ಮ ಕಾಲದ ಪಾಪ್, ರಾಕ್ ಹಾಡು! ಎದ್ದು ಹೋಗಿ ಮಲಗಿದ್ದೆ.

ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಮಡೋನಾ ಯಾರು ಅಂತಲೂ ಗೊತ್ತಿಲ್ಲ. ಸಿನಿಮಾ ಶುರುವಾಗೋದೇ ಒಂದು ಕೆಂಪು ಪರದೆಯಿಂದ. ಅದರ ಮುಂದೆ ಒಬ್ಬ ಸಣ್ಣ ಮನುಷ್ಯ ಮೈಮೇಲೆ ದೇವರು ಬಂದವನ ಹಾಗೆ ಕೈ ಬೀಸಿ ವಾದ್ಯದವರನ್ನು ನಡೆಸುತ್ತಾನೆ. ಪರದೆ ಸರಿಯಿತು. ಅಮ್ಮ ಕಾಳಿನಿಂದ ತಲೆ ಎತ್ತಿ, "ಇದೇನೇ, ಕಂಪನಿ ನಾಟಕ ಇದ್ದಂಗಿದೆ?" ಅಂದಳು.

ಇಪ್ಪತ್ತು ವರ್ಷದಲ್ಲಿ ನನಗೆ ಹೊಳೆಯದೇ ಇದ್ದದ್ದು ಅವಳಿಗೆ ಅರ್ಧ ನಿಮಿಷದಲ್ಲಿ ಹೊಳೆದಿತ್ತು.

ಪರದೆ ಸರಿದ ಮೇಲೆ ಕಥೆ ಹೇಳುವ ಹುಡುಗ ಟೈಪ್‌ರೈಟರ್ ಮುಂದೆ ಅಳುತ್ತಾ ಕೂತಿರುತ್ತಾನೆ. ನಾನು ಪ್ರೀತಿಸಿದವಳು ಸತ್ತುಹೋದಳು ಅಂತ ಆಗಲೇ ಹೇಳಿಬಿಡುತ್ತಾನೆ. "ನೋಡಮ್ಮ, ಕೊನೇಲಿ ಹೀರೋಯಿನ್ ಸಾಯ್ತಾಳೆ, ಮೊದಲೇ ಹೇಳ್ಬಿಟ್ಟ" ಅಂದೆ. "ಹೇಳಿದ್ರೆ ಏನಾಯ್ತು? ಅಭಿಮನ್ಯು ಸಾಯ್ತಾನೆ ಅಂತ ಗೊತ್ತಿದ್ದೇ ಅಲ್ವಾ ಜನ ರಾತ್ರಿಯೆಲ್ಲಾ ಕೂತ್ಕೊಳ್ಳೋದು?" ಅಂದಳು. ಮತ್ತೆ ಕಾಳು ಹಿತುಕತೊಡಗಿದಳು.

ಕಥೆ ಅಂತ ಹೆಚ್ಚೇನಿಲ್ಲ. ಬಡ ಕವಿ ಕ್ರಿಶ್ಚಿಯನ್, ಕುಣಿಯುವವಳು ಸಟೀನ್, ದುಡ್ಡಿರುವ ಡ್ಯೂಕ್. ಅವಳು ಕುಣಿಯುವ 'ಮೂಲಾ ರೂಜ್' ಅನ್ನೋ ರಂಗಮಂದಿರ ಉಳಿಯಬೇಕಾದರೆ ಡ್ಯೂಕ್‌ನ ದುಡ್ಡು ಬೇಕು. ದುಡ್ಡು ಬೇಕಾದರೆ ಸಟೀನ್ ಅವನವಳಾಗಬೇಕು. ಅವಳಿಗೋ ಕ್ಷಯ. ಅಷ್ಟೇ. ಇದನ್ನು ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆದು ಇನ್ನೂ ವಿಳಾಸಕ್ಕೆ ಜಾಗ ಉಳಿಸಬಹುದು.

ಇಷ್ಟು ತೆಳು ಕಥೆಗೆ ಅಷ್ಟು ದುಂದು ಯಾಕೆ ಅಂತ ಕೇಳುವವರಿದ್ದಾರೆ. ನಾನೂ ಕೇಳಿದ್ದೆ. ಇಡೀ ಪ್ಯಾರಿಸ್ಸನ್ನು ಸಿಡ್ನಿಯ ಸ್ಟುಡಿಯೋದೊಳಗೆ ಕಟ್ಟಿದ್ದಾರೆ. ಸಟೀನ್ ಹಾಕುವ ಹಾರದಲ್ಲಿ 1308 ವಜ್ರಗಳು, ಎಲ್ಲವೂ ಅಸಲಿ. ಕುಣಿತದ ಅಭ್ಯಾಸದಲ್ಲಿ ಸಟೀನ್ ಪಾತ್ರದ ನಿಕೋಲ್ ಕಿಡ್‌ಮನ್ ಪಕ್ಕೆಲುಬು ಮುರಿದುಕೊಂಡರು. ಆಸ್ಕರ್‌ಗೆ ಎಂಟು ವಿಭಾಗದಲ್ಲಿ ಹೆಸರು ಹೋಗಿ ಸಿಕ್ಕಿದ್ದು ಎರಡು, ಕಲಾ ನಿರ್ದೇಶನಕ್ಕೆ ಮತ್ತು ಉಡುಪಿಗೆ. ಎರಡರಲ್ಲೂ ನಿರ್ದೇಶಕ ಬಾಜ್ ಲುರ್ಮನ್ ಅವರ ಹೆಂಡತಿ ಕ್ಯಾಥರೀನ್ ಮಾರ್ಟಿನ್ ಪಾಲಿದೆ. ಸೀರೆ ಅಂಗಡಿಯಲ್ಲಿ ಗಂಡಸರು ಚೀಲ ಹಿಡಿದು ನಿಲ್ಲುವುದನ್ನು ನೋಡಿದವಳು ನಾನು. ಈ ಸಿನಿಮಾದಲ್ಲಿ ನಿರ್ದೇಶಕರೂ ಎಷ್ಟೋ ಸಲ ಹಾಗೇ ನಿಂತಿರಬೇಕು ಅನ್ನಿಸುತ್ತದೆ.

ಆಮೇಲೆ ಆನೆ ಬಂತು. ಅಂಗಳದಲ್ಲಿ ಒಂದು ದೈತ್ಯ ಆನೆ, ಅದರ ಹೊಟ್ಟೆಯೊಳಗೆ ಸಟೀನ್‌ಳ ಕೋಣೆ. ಇದು ಲುರ್ಮನ್ ಕಟ್ಟಿದ ಕಲ್ಪನೆ ಅಂದುಕೊಂಡಿದ್ದೆ. ಅಲ್ಲ. 1889ರಲ್ಲಿ ಶುರುವಾದ ನಿಜವಾದ ಮೂಲಾ ರೂಜ್‌ನ ತೋಟದಲ್ಲೂ ಇಂಥದ್ದೇ ಒಂದು ಆನೆ ನಿಂತಿತ್ತು. ಆ ವರ್ಷ ಪ್ಯಾರಿಸ್‌ನಲ್ಲಿ ನಡೆದ ವಸ್ತುಪ್ರದರ್ಶನ ಮುಗಿದ ಮೇಲೆ ತಂದು ನಿಲ್ಲಿಸಿದ್ದು.

ಆನೆ ನೋಡಿದ್ದೇ ಅಮ್ಮ ಕೈಯಲ್ಲಿದ್ದ ಕಾಳು ಬಿಟ್ಟಳು. "ನಮ್ಮಪ್ಪ ನೋಡಿದ್ರಂತೆ ಕಣೇ, ಸ್ಟೇಜ್ ಮೇಲೆ ನಿಜವಾದ ಆನೆ!" ತಾತ ಹೇಳುತ್ತಿದ್ದ ಕಥೆ ಅದು, ನಾನೂ ಚಿಕ್ಕಂದಿನಲ್ಲಿ ನೂರು ಸಲ ಕೇಳಿದ್ದೆ. ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ' ಆಡುವಾಗ ರಂಗದ ಮೇಲೆ ಜೀವಂತ ಆನೆ, ಕುದುರೆ ತರುತ್ತಿದ್ದರು. ತಾತ ಕಥೆ ಹೇಳುವಾಗ ಕೃಷ್ಣ ಏನು ಹೇಳಿದ, ಅರ್ಜುನ ಏನು ಕೇಳಿದ ಒಂದೂ ಇರುತ್ತಿರಲಿಲ್ಲ. ಆನೆ ಹೇಗೆ ಬಂತು, ಹಲಗೆ ಹೇಗೆ ಕಿರ್ ಅಂತು, ಮುಂದಿನ ಸಾಲಿನವರು ಹೇಗೆ ಹಿಂದೆ ಸರಿದರು, ಇಷ್ಟೇ. ಗೀತೆಯ ಉಪದೇಶ ಮನೆಯಲ್ಲೂ ಸಿಗುತ್ತಿತ್ತು. ಆನೆ ನಾಟಕದಲ್ಲಿ ಮಾತ್ರ ಸಿಗುತ್ತಿತ್ತು.

ಹಾಗಂತ ಬರೀ ಆನೆಗೆ ಜನ ಸೋಲಲ್ಲ. ದುಡ್ಡು ಸುರಿದು ಮಕಾಡೆ ಮಲಗಿದ ಸಿನಿಮಾಗಳನ್ನು ನಾವೆಲ್ಲ ಸಾಕಷ್ಟು ನೋಡಿದ್ದೇವೆ. ಈ ಸಿನಿಮಾ ಗೆಲ್ಲೋದು ಆನೆಯ ನೆತ್ತಿಯ ಮೇಲೆ.

ಕ್ರಿಶ್ಚಿಯನ್ ಮತ್ತು ಸಟೀನ್ ರಾತ್ರಿ ಅಲ್ಲಿ ನಿಂತಿದ್ದಾರೆ. ಅವನು ಪ್ರೀತಿ ಅಂತಾನೆ, ಅವಳು ಹೊಟ್ಟೆಪಾಡು ಅಂತಾಳೆ. ಅವನು ಒಂದು ಹಳೆಯ ಪ್ರೇಮಗೀತೆಯ ಸಾಲು ಎತ್ತುತ್ತಾನೆ. ಅವಳು ಬೇರೆ ಹಾಡಿನ ಸಾಲಲ್ಲಿ ಅದನ್ನು ಹೊಡೆದು ಹಾಕುತ್ತಾಳೆ. ಅವನು ಮತ್ತೊಂದು ತರುತ್ತಾನೆ. ಬೀಟಲ್ಸ್, ಎಲ್ಟನ್ ಜಾನ್, ಡೇವಿಡ್ ಬೋವಿ, ಎಲ್ಲರ ಹಾಡೂ ಬಂದುಹೋಗುತ್ತವೆ. ಮೊದಲು ಅವಳು ನಗುತ್ತಾಳೆ. ಆಮೇಲೆ ಅವನ ಸಾಲನ್ನು ಅವಳೇ ಮುಗಿಸುತ್ತಾಳೆ. ಕ್ರಿಶ್ಚಿಯನ್ ಪಾತ್ರದ ಇವಾನ್ ಮೆಕ್‌ಗ್ರೆಗರ್ ಮತ್ತು ಕಿಡ್‌ಮನ್ ಇಬ್ಬರೂ ಸ್ವಂತ ಗಂಟಲಲ್ಲೇ ಹಾಡಿದ್ದಾರೆ. ಕಿಡ್‌ಮನ್ ದನಿ ಅಲ್ಲಲ್ಲಿ ತೆಳ್ಳಗಾಗುತ್ತದೆ. ಹಾಗಾಗುವುದೇ ಚೆಂದ.

ಇದು ಅಂತ್ಯಾಕ್ಷರಿ ಅಲ್ವಾ? ಕಾಲೇಜು ಟೂರಿನ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗ ಒಂದು ಸಾಲು ಹಾಡಿ ಯಾರ ಕಡೆಗೋ ನೋಡುತ್ತಿದ್ದ. ಆ ಸಾಲು ಅವನದ್ದಲ್ಲ, ಬರೆದವರು ಯಾರೋ, ಹಾಡಿದವರು ಇನ್ಯಾರೋ. ಆದರೂ ಆ ಹುಡುಗಿಗೆ ಗೊತ್ತಾಗುತ್ತಿತ್ತು. ಸ್ವಂತ ಮಾತಲ್ಲಿ ಹೇಳೋಕೆ ಹೋಗಿದ್ದರೆ ಅವನು ತೊದಲಿ, "ನೋಟ್ಸ್ ಕೊಡ್ತೀಯಾ" ಅಂತ ಕೇಳಿ ಎದ್ದು ಹೋಗುತ್ತಿದ್ದ. ಲುರ್ಮನ್ ಹೊಸ ಹಾಡಿನ ಬದಲು ಹೆಚ್ಚಾಗಿ ಎಲ್ಲರ ಬಾಯಲ್ಲಿ ಸವೆದ ಹಾಡುಗಳನ್ನೇ ತಂದಿದ್ದಾರಲ್ಲ, ಹಾಸ್ಟೆಲ್‌ನಲ್ಲಿ ಅದು ನನಗೆ ಸೋಮಾರಿತನ ಅನ್ನಿಸಿತ್ತು. ಈಗ ಅದೇ ಸಿನಿಮಾದ ಜೀವ ಅನ್ನಿಸುತ್ತದೆ. ಪ್ರೀತಿಯಲ್ಲಿ ಬಿದ್ದವರಿಗೆ ಎರವಲು ಮಾತೇ ಗತಿ. ಆ ಎರವಲು ಮಾತಿಗೆ ಮರ್ಯಾದೆ ಬರಲಿ ಅಂತಲೇ ಇವರು ಕೆಳಗೆ ಆನೆ ನಿಲ್ಲಿಸಿದ್ದಾರೆ, ಹಿಂದೆ ಇಡೀ ಪ್ಯಾರಿಸ್ ಇಟ್ಟಿದ್ದಾರೆ.

ಲುರ್ಮನ್ ಇದನ್ನು ಕಲಿತದ್ದು ಎಲ್ಲಿ ಗೊತ್ತಾ? 1990ರ ದಶಕದಲ್ಲಿ ಒಂದು ಆಪೆರಾದ ತಯಾರಿಗೆ ಭಾರತಕ್ಕೆ ಬಂದಿದ್ದಾಗ ಇಲ್ಲಿನ ಥಿಯೇಟರ್‌ನಲ್ಲಿ ಹಿಂದಿ ಸಿನಿಮಾ ನೋಡಿದ್ದರಂತೆ. ಈಗ ನಗು, ಮರುಕ್ಷಣ ಅಳು, ನಡುವೆ ಹಾಡು. ಜನ ಎಲ್ಲದಕ್ಕೂ ಜೊತೆಯಾಗಿ ಕೂತಿದ್ದು ನೋಡಿ ದಂಗಾದರಂತೆ. ಆ ಸಾಲ ಸಿನಿಮಾದಲ್ಲೇ ಕಾಣಿಸುತ್ತದೆ. ಕಥೆಯೊಳಗೆ ಅವರು ಆಡುವ ನಾಟಕ ಭಾರತದ್ದು. ಮಹಾರಾಜ, ನರ್ತಕಿ, ಸಿತಾರ್ ನುಡಿಸುವ ಬಡವ. ಅದರ ನಡುವೆ 'ಚೈನಾ ಗೇಟ್' ಸಿನಿಮಾದ 'ಛಮ್ಮಾ ಛಮ್ಮಾ' ತೇಲಿ ಬರುತ್ತದೆ. ಅಮ್ಮ ಗುರುತು ಹಿಡಿದು, "ಇದು ನಮ್ ಟಿವೀಲಿ ಬರ್ತಿತ್ತಲ್ಲ!" ಅಂತ ಕೂಗಿದಳು. ಆದರೆ ಆ ವೇಷಗಳು! ಯಾವ ರಾಜ್ಯದವೋ, ಯಾವ ಕಾಲದವೋ ದೇವರಿಗೇ ಗೊತ್ತು. ನಾಟಕದ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನೆಲ್ಲ ಮೈಮೇಲೆ ಹೇರಿಕೊಂಡ ಹಾಗಿದೆ.

ನನ್ನ ತಕರಾರು ಅದಲ್ಲ. ಕೊನೆಯಲ್ಲಿ ಕ್ರಿಶ್ಚಿಯನ್ ಎಲ್ಲರ ಮುಂದೆ ಅವಳ ಕಡೆ ದುಡ್ಡು ಎಸೆಯುತ್ತಾನೆ, ನಿನ್ನ ಬಾಕಿ ತೀರಿಸಿದೆ ಅನ್ನುವಂತೆ. ಡ್ಯೂಕ್‌ನಿಂದ ಅವನ ಜೀವ ಉಳಿಸೋಕೆ ಅವಳು ತಾನು ಡ್ಯೂಕ್‌ನವಳು ಅಂತ ಸುಳ್ಳು ಹೇಳಿದ್ದು ಅವನಿಗೆ ಗೊತ್ತಿಲ್ಲ, ಒಪ್ಪಿಕೊಳ್ಳೋಣ. ಆದರೂ ಪ್ರೀತಿಯ ಬಗ್ಗೆ ಅಷ್ಟೊಂದು ಹಾಡಿದವನು ಮೊದಲ ಅನುಮಾನಕ್ಕೇ ಲೆಕ್ಕ ಚುಕ್ತಾ ಮಾಡೋಕೆ ನಿಲ್ಲುತ್ತಾನೆ. ನಮ್ಮ ಸಿನಿಮಾಗಳಲ್ಲೂ ಇಂಥ ಹೀರೋಗಳಿಗೆ ಬರ ಇಲ್ಲ. ಅವಳು ಮಾತ್ರ ಕ್ಷಮಿಸಿ, ಹಾಡಿ, ಕೆಮ್ಮಿ ಸಾಯಬೇಕು. ಅಮ್ಮನಿಗೂ ಸಿಟ್ಟು ಬಂತು. "ಇವನಿಗೆ ಯಾರಾದ್ರೂ ಎರಡು ಬಿಗೀಬೇಕು" ಅಂದಳು. ಅಂದವಳೇ ಸೆರಗಲ್ಲಿ ಕಣ್ಣೊರೆಸಿಕೊಂಡಳು. ನಾನೂ ಅತ್ತೆ. ಸಿಟ್ಟಿಗೂ ಅಳುವಿಗೂ ಆ ಹೊತ್ತಲ್ಲಿ ಜಗಳ ಇರಲಿಲ್ಲ.

ಪರದೆ ಮುಚ್ಚಿತು. ಬೇಸನ್ನಿನಲ್ಲಿ ಅರ್ಧ ಕಾಳು ಹಾಗೇ ಉಳಿದಿತ್ತು. ಸ್ವಲ್ಪ ಹೊತ್ತು ಬಿಟ್ಟು ಅಮ್ಮ ಸುಮ್ನೆ ಅಂದಳು, "ನಿಮ್ಮಪ್ಪನೂ ಮದ್ವೆಗೆ ಮುಂಚೆ ಕಾಗದ ಬರೀತಿದ್ರು. ಬರೀ ಸಿನಿಮಾ ಹಾಡು. ಸ್ವಂತದ್ದು ಅಂತ ಒಂದು ಸಾಲೂ ಇರ್ತಿರ್ಲಿಲ್ಲ."

"ಎಲ್ಲಿವೆಯಮ್ಮ ಆ ಕಾಗದ?"

"ಇವೆ ಬಿಡು" ಅಂದಳು. ಎಲ್ಲಿ ಅಂತ ಹೇಳಲಿಲ್ಲ. "ಆ ಆನೆ ಮೇಲಿನ ಹಾಡು ಇನ್ನೊಂದ್ಸಲ ಹಾಕು."